ತೊಂಬತ್ತು ದಿನಗಳ ಬಾಣಂತನ

(ಸಂಘದ ಮಹಿಳಾ ವಿಭಾಗದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಈ ಸಭೆಯಲ್ಲಿ ಕುಳಿತಿರುವ ನನ್ನ ವಯಸ್ಸಿನ ಹೆಂಗಸರಲ್ಲಿ ಎಷ್ಟೋ ಮಂದಿ ಮಗಳ ಇಲ್ಲವೆ ಸೊಸೆಯ ಬಾಣಂತನಕ್ಕೆಂದು ವಿಮಾನ ಹತ್ತಿ ಬಂದವರು. ನಮ್ಮಲ್ಲಿ ಪ್ರವಾಸಕಥನಗಳಿಗೆ ಕೊರತೆಯಿಲ್ಲ. ಆದರೆ ಈ ಪ್ರಯಾಣದ ಬಗ್ಗೆ ಯಾರಾದರೂ ಬರೆದದ್ದನ್ನು ನಾನು ಓದಿಲ್ಲ. ಅಡುಗೆಮನೆಯಿಂದ ತೊಟ್ಟಿಲಿಗೆ, ತೊಟ್ಟಿಲಿನಿಂದ ಅಡುಗೆಮನೆಗೆ ನಡೆದದ್ದನ್ನು ಪ್ರವಾಸವೆನ್ನಲು ನಮಗೇ ಸಂಕೋಚವಿರಬೇಕು.

ಡೊಂಬಿವಿಲಿಯಲ್ಲಿ ಹುಟ್ಟಿ ಬೆಳೆದ ನನ್ನ ಮಗಳು ಈಗಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಆ ನಗರ 1968ರಿಂದ ಮುಂಬಯಿಯ ಸೋದರನಗರ ಎಂಬುದು ನನಗೆ ಅಲ್ಲಿಗೆ ಹೋದಮೇಲೆಯೇ ತಿಳಿಯಿತು. ಮೊಮ್ಮಗಳು ಹುಟ್ಟಿದ್ದು 2023ರ ನವೆಂಬರಿನಲ್ಲಿ. ಷೆಂಗೆನ್ ವೀಸಾದ ಮೇಲೆ ಹೋದವರು 180 ದಿನಗಳಲ್ಲಿ 90 ದಿನ ಮಾತ್ರ ಅಲ್ಲಿರಬಹುದು. ಕಾಲಿಟ್ಟ ದಿನವೂ ಲೆಕ್ಕಕ್ಕೆ ಬರುತ್ತದೆ. ವೈದ್ಯರು ಹೇಳಿದ ದಿನಕ್ಕಿಂತ ಎರಡು ವಾರ ಮೊದಲೇ ನಾನು ಹೋಗಿದ್ದೆ. ಕೂಸು ಒಂಬತ್ತು ದಿನ ತಡಮಾಡಿತು. ಹೀಗೆ 23 ದಿನಗಳು ಕಾಯುವುದರಲ್ಲಿಯೇ ಕಳೆದು, ಕೈಯಲ್ಲಿ ಉಳಿದವು 67. 1986ರಲ್ಲಿ ಈ ಮಗಳ ಹೆರಿಗೆಗೆಂದು ನಾನು ಮೀರಜಿನಲ್ಲಿ ಗಾಡಿ ಬದಲಿಸಿ ಧಾರವಾಡದ ತವರಿಗೆ ಹೋದಾಗ ಅಲ್ಲಿ ಐದು ತಿಂಗಳಿದ್ದೆ. ಯಾರೂ ದಿನ ಎಣಿಸಲಿಲ್ಲ.

ಶುಂಠಿ, ಅಂಟು, ಬೆಲ್ಲ, ಬಜೆ ಎಲ್ಲವನ್ನೂ ಕಟ್ಟಿಕೊಂಡು ಹೋಗಿದ್ದೆ. ತುಪ್ಪವನ್ನು ಮಾತ್ರ ಒಯ್ಯುವಂತಿಲ್ಲ. ಹೊರಗಿನಿಂದ ಬರುವವರು ಹಾಲಿನ ಪದಾರ್ಥಗಳನ್ನು ಯುರೋಪಿಗೆ ತರಬಾರದೆಂಬ ನಿಯಮವಿದೆ. ಅಲ್ಲಿಯ ಬೆಣ್ಣೆಯನ್ನೇ ಕಾಸಿ ಅಂಟಿನುಂಡೆ ಕಟ್ಟಿದೆ. ಬಾಣಂತಿಗೆ ಬೇಕಾದ ಸಬ್ಬಸಿಗೆ ಸೊಪ್ಪು ಅಲ್ಲಿಯ ಅಂಗಡಿಯಲ್ಲಿ ಸುಲಭವಾಗಿ ಸಿಕ್ಕಿತು. ಮೊಲೆಯುಣಿಸುವ ತಾಯಂದಿರಿಗೆಂದು ಮಾರುವ ಚಹದ ಪೊಟ್ಟಣ ಬಿಚ್ಚಿ ಮೂಸಿದರೆ ಅದೇ ಸೋಂಪಿನ ವಾಸನೆ! ನಮ್ಮ ಮುದುಕಿಯರೂ ಅವರ ಮುದುಕಿಯರೂ ಎಲ್ಲಿಯೋ ಒಂದೆಡೆ ಕುಳಿತು ಮಾತಾಡಿಕೊಂಡಿರಬೇಕು.

ಮನೆಗೆ ಸೂಲಗಿತ್ತಿ ಬರುತ್ತಿದ್ದಳು. ಹೆರಿಗೆಯಾದ ಮೊದಲ ಹತ್ತು ದಿನ ಬೇಕಿದ್ದರೆ ನಿತ್ಯವೂ, ಅನಂತರ ಹನ್ನೆರಡನೆಯ ವಾರದವರೆಗೆ ಆಗಾಗ ಆಕೆ ಮನೆಗೇ ಬಂದು ತಾಯಿ-ಮಗುವನ್ನು ನೋಡುತ್ತಾಳೆ, ವೆಚ್ಚ ಆರೋಗ್ಯವಿಮೆಯದು. ಅಲ್ಲಿಯೂ ಅವರ ಕೊರತೆಯಿರುವುದರಿಂದ ಗರ್ಭ ನಿಂತ ಕೂಡಲೇ ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವು ಚಪ್ಪಾಳೆ ತಟ್ಟಿದೆವು. ಆ ವಿದ್ಯೆಯನ್ನು ಕಲಿತ ಹೆಣ್ಣುಮಗಳು ನಮ್ಮ ಮನೆಯ ಕರೆಗಂಟೆ ಒತ್ತುವ ವ್ಯವಸ್ಥೆಯನ್ನು ನಾವು ಕೇಳಿದ್ದುಂಟೆ?

ಆಕೆಗೂ ನನಗೂ ಮೊದಲ ದಿನವೇ ಜಟಾಪಟಿಯಾಯಿತು. ಕೂಸಿಗೆ ಜೇನು ನೆಕ್ಕಿಸಲು ಹೋದವಳನ್ನು ತಡೆದಳು. ವರ್ಷ ತುಂಬುವವರೆಗೆ ಜೇನು ಕೂಡದು, ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿ ಎಳೆಯ ಕರುಳಿಗೆ ವಿಷವಾದೀತು ಎಂದಳು. ಅದು ಸರಿಯಾದ ಮಾತು, ನಾನು ಸೋತೆ. ಕಾಡಿಗೆಯಲ್ಲಿಯೂ ಸೋತೆ. ನಿತ್ಯ ಎಣ್ಣೆ-ನೀರು ಬೇಡ, ವಾರಕ್ಕೆರಡು ಸಲ ಸಾಕು ಎಂದಾಗ ಮಾತ್ರ ಹಟಹಿಡಿದು, ದಿನ ಬಿಟ್ಟು ದಿನಕ್ಕೆ ರಾಜಿ ಮಾಡಿಕೊಂಡೆ. ಹೋಗುವಾಗ ಮಗಳಿಗೆ, "ಮಗುವಿನೊಡನೆ ನಿಮ್ಮ ಭಾಷೆಯಲ್ಲಿಯೇ ಮಾತಾಡಿ" ಎಂದಳು. ನಮ್ಮ ಸಂಘ ಇಷ್ಟು ವರ್ಷ ವೇದಿಕೆಯಿಂದ ಹೇಳಿದ್ದನ್ನು ಕೇಳದ ಮಗಳು ಅವಳು ಹೇಳಿದ್ದನ್ನು ಕೇಳಿದಳು.

ಕಷ್ಟವಿದ್ದದ್ದು ಬೇರೆ ಕಡೆ. ಸ್ಟುಟ್‌ಗಾರ್ಟ್ ಬೋಗುಣಿಯಂಥ ಊರು. ಸುತ್ತ ಗುಡ್ಡ, ಗುಡ್ಡವೇರಲು ನೂರಾರು ಕಲ್ಲಿನ ಮೆಟ್ಟಿಲುದಾರಿಗಳು. ಕೈಗಾಡಿಯಲ್ಲಿ ಕೂಸನ್ನಿಟ್ಟುಕೊಂಡ ಒಂಟಿ ಹೆಂಗಸಿಗೆ ಆ ಮೆಟ್ಟಿಲುಗಳು ಗೋಡೆಯೇ ಸರಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಹೊತ್ತು ಮುಳುಗುತ್ತದೆ. ಎಳೆಗೂಸಿಗೆ ಬಿಸಿಲು ಸಾಲದೆಂದು ದಿನಾ ಡಿ ಜೀವಸತ್ವ ಕೊಡುತ್ತಾರೆ. ತಾಯಿಗೆ ಏನು ಕೊಡುತ್ತಾರೆ? ಒಂದು ದಿನ ಮನೆಬಾಗಿಲಿಗೆ ಒಂದು ಫಲಕ ನೇತುಬಿದ್ದಿತ್ತು. ಆ ವಾರ ಮಹಡಿಯ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಮ್ಮ ಮನೆಯದು. ಆ ಸೀಮೆಯ ಹಳೆಯ ರೂಢಿ ಅದು. ಬಾಣಂತಿಯೆಂಬ ವಿನಾಯಿತಿ ಯಾರಿಗೂ ಹೊಳೆಯಲಿಲ್ಲ. ಒರೆಸಿದವಳು ನಾನು. ನಾನು ಹೊರಟುಹೋದಮೇಲೆ ಈ ಸಂಜೆ ನಾಲ್ಕೂವರೆಯ ಕತ್ತಲೆಯಲ್ಲಿ ಇವಳೊಬ್ಬಳೇ ಅಲ್ಲವೆ ಎಂಬ ಯೋಚನೆ ಅಂದಿನಿಂದ ನನ್ನ ನಿದ್ದೆ ಕೆಡಿಸಿತು.

ಹೊರಡಲು ಹದಿನೈದು ದಿನವಿರುವಾಗ ಅಳಿಯಂದಿರು ಬಚ್ಚಲ ಬಾಗಿಲಲ್ಲಿ ನಿಂತು, "ಅತ್ತಿ, ನೀವು ಹೋದಮ್ಯಾಲೆ ಕೂಸಿಗೆ ಯಾರು ಎರೀತಾರ?" ಎಂದರು. "ನೀವು ಬಿಡ್ರಿ, ಗಂಡಸರ ಕೆಲಸಲ್ಲ ಅದು" ಎಂದೆ. ಅದು ನನ್ನ ಬಾಯಿಂದ ಬಂದ ಮಾತು, ಮುಚ್ಚಿಡುವುದಿಲ್ಲ. ಅವರು ಹೋಗಲಿಲ್ಲ. ಪ್ಯಾಂಟು ಮಡಚಿ, ಮಣೆಯ ಮೇಲೆ ಕುಳಿತು, ಕಾಲು ನೀಡಿದರು. ನೀರಿನ ಕಾವನ್ನು ಅವರು ಉಷ್ಣಮಾಪಕದಿಂದ ನೋಡಿದರು, ನಾನು ಮೊಣಕೈಯಿಂದ. ಎರಡೂ ಒಂದೇ ಹೇಳಿದವು. ಮೊದಲ ದಿನ ಕೂಸು ಜಾರಿ ನನ್ನ ಎದೆ ನಡುಗಿತು. ಹತ್ತನೆಯ ದಿನಕ್ಕೆ ಬೋರಲು ಮಲಗಿಸಿ ಬೆನ್ನು ನೀವುವಾಗ ಅವರ ಕೈ ನನ್ನ ಅವ್ವನ ಕೈಯಂತೆಯೇ ಕಂಡಿತು.

ನಾನು ಹೊರಟ ಮಾರನೆಯ ದಿನದಿಂದ ಅವರಿಗೆ ಎರಡು ತಿಂಗಳ ರಜೆ. ಜರ್ಮನಿಯಲ್ಲಿ 2007ರಿಂದ ಇರುವ ಪಾಲಕರ ಭತ್ಯದಲ್ಲಿ ಒಬ್ಬರೇ ಪಡೆದರೆ 12 ತಿಂಗಳು, ಇಬ್ಬರೂ ಹಂಚಿಕೊಂಡರೆ 14. ಗಂಡ ರಜೆ ತೆಗೆದುಕೊಳ್ಳದಿದ್ದರೆ ಆ ಎರಡು ತಿಂಗಳ ಭತ್ಯ ಸಂಸಾರಕ್ಕೆ ನಷ್ಟ. ಸಾಮಾನ್ಯವಾಗಿ ನಿವ್ವಳ ಸಂಬಳದ ಶೇಕಡಾ 65ರಷ್ಟು, ತಿಂಗಳಿಗೆ ಹೆಚ್ಚೆಂದರೆ 1800 ಯೂರೊ ಸಿಗುತ್ತದೆ. ಗಂಡಸನ್ನು ಉಪದೇಶದಿಂದಲ್ಲ, ಲೆಕ್ಕದಿಂದ ಬಚ್ಚಲಿಗೆ ಕರೆತಂದ ಕಾನೂನು ಅದು. ನಮ್ಮಲ್ಲಿ 2017ರ ತಿದ್ದುಪಡಿ ತಾಯಿಯ ರಜೆಯನ್ನು 26 ವಾರಗಳಿಗೆ ಏರಿಸಿತು, ಒಳ್ಳೆಯದೇ. ತಂದೆಯ ಹೆಸರನ್ನು ಎತ್ತಲಿಲ್ಲ. ತವರಿದೆ, ಅಜ್ಜಿಯಿದ್ದಾಳೆ ಎಂಬ ಭರವಸೆ ನಮ್ಮ ಶಾಸನಕರ್ತರಿಗೂ ಇದ್ದಿರಬೇಕು. ಮುಂಬಯಿಯ ಎರಡು ಕೋಣೆಯ ಮನೆಗಳಲ್ಲಿ ಆ ಅಜ್ಜಿಗೆ ಮಂಡಿನೋವು, ಅಜ್ಜನಿಗೆ ಸಕ್ಕರೆ ರೋಗ. ಅವಳಿಗೆ ಬರಲು ಆಗುತ್ತದೆಯೇ ಎಂದು ಕೇಳುವ ವಾಡಿಕೆ ನಮ್ಮಲ್ಲಿಲ್ಲ. ಟಿಕೇಟು ಕಳಿಸುವ ವಾಡಿಕೆಯಿದೆ.

ಬರುವ ತಿಂಗಳು ನನ್ನ ಸೊಸೆಗೆ ದಿನ ತುಂಬುತ್ತದೆ, ಇಲ್ಲಿಯೇ ಡೊಂಬಿವಿಲಿಯಲ್ಲಿ. ಕಚೇರಿಯಲ್ಲಿ ಒಂದು ತಿಂಗಳ ರಜೆ ಕೇಳೆಂದು ಮಗನಿಗೆ ಹೇಳಿದ್ದೇನೆ. ಇನ್ನೂ ಕೇಳಿಲ್ಲ. ಸಾಹೇಬರು ನಗುತ್ತಾರೆ ಎನ್ನುತ್ತಾನೆ. ಮಣೆಯನ್ನಂತೂ ತೊಳೆದು ಬಿಸಿಲಿಗಿಟ್ಟಿದ್ದೇನೆ.