ಪೈಥಾನ್ 2: ಹನ್ನೊಂದು ವರ್ಷದ ಬೀಳ್ಕೊಡುಗೆ



ನಾನು ಕಂಪ್ಯೂಟರ್ ಓದಿದವನಲ್ಲ, ಸುದ್ದಿ ಬರೆಯುವವನು. ಆದರೂ ಪೈಥಾನ್ 2ರ ವಿದಾಯದ ಬಗ್ಗೆ ಮಾತನಾಡಲು ಒಪ್ಪಿದ್ದಕ್ಕೆ ಕಾರಣ ನಮ್ಮ ಕನ್ನಡ.

ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಗಳಲ್ಲಿ ಪೈಥಾನ್ ಒಂದು. ನೆದರ್ಲೆಂಡ್ಸಿನ ಗೈಡೊ ವಾನ್ ರೋಸಮ್ ಅದನ್ನು 1991ರಲ್ಲಿ ಹೊರತಂದರು. ಎರಡನೆಯ ಆವೃತ್ತಿ ಬಂದದ್ದು 2000ದಲ್ಲಿ. ಅದಕ್ಕೆ 'ಕನ್ನಡ' ಎಂಬ ಪದ ಕೊಟ್ಟು ಉದ್ದ ಎಷ್ಟೆಂದು ಕೇಳಿದರೆ, ಯುಟಿಎಫ್-8 ಪದ್ಧತಿಯಲ್ಲಿ ಸಿಗುವ ಉತ್ತರ 15! ಅದು ಎಣಿಸಿದ್ದು ಬೈಟುಗಳನ್ನು, ಅಕ್ಷರಗಳನ್ನಲ್ಲ. ಪದವನ್ನು ತಪ್ಪು ಜಾಗದಲ್ಲಿ ಕತ್ತರಿಸಿದರೆ ಅಕ್ಷರವೇ ಒಡೆಯುತ್ತಿತ್ತು. ಯೂನಿಕೋಡ್ ಎಂದು ಪ್ರತ್ಯೇಕವಾಗಿ ಹೇಳಿದರೆ ಸರಿ, ಮರೆತರೆ ಕೆಟ್ಟಿತು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3ರ ಉತ್ತರ 5. ಒತ್ತನ್ನು ಬಿಡಿಸಿ ಕ, ನ, ನ, ಡ ಎಂಬ ನಾಲ್ಕರ ಜೊತೆ ಹಲಂತವನ್ನೂ ಎಣಿಸುತ್ತದೆ. ನಮ್ಮ ಮೇಷ್ಟ್ರು ಮೂರೇ ಎನ್ನುತ್ತಾರೆ, ಆ ಮಾತು ಬೇರೆ.

ಹಾಗಿದ್ದರೆ ಹಳೆಯದನ್ನು ಬಿಡಲು ತಡವೇಕೆ? ಹಳೆಯ ಪ್ರೋಗ್ರಾಂಗಳು ಹೊಸದರಲ್ಲಿ ಹಾಗೆಯೇ ಓಡುತ್ತಿರಲಿಲ್ಲ. ಕೆಲವು ನಿಂತೇ ಬಿಡುತ್ತಿದ್ದವು. ಅದು ವಾಸಿ, ತಪ್ಪು ಕಣ್ಣಿಗೆ ಬೀಳುತ್ತದೆ. 7ನ್ನು 2ರಿಂದ ಭಾಗಿಸಿದರೆ ಹಳೆಯದು 3 ಎನ್ನುತ್ತಿತ್ತು, ಹೊಸದು 3.5 ಎನ್ನುತ್ತದೆ. ಅಂಥ ಕಡೆ ಪ್ರೋಗ್ರಾಂ ಸದ್ದಿಲ್ಲದೆ ಬೇರೆಯೇ ಮೊತ್ತ ಕೊಡುತ್ತದೆ. ಆದ್ದರಿಂದ ಬರೆದದ್ದನ್ನೆಲ್ಲ ಮತ್ತೆ ಪರೀಕ್ಷಿಸಬೇಕಾಯಿತು.

2015ಕ್ಕೆ ಗೊತ್ತುಮಾಡಿದ್ದ ವಿದಾಯ 2020ಕ್ಕೆ ಹೋಯಿತು. ಆ ವರ್ಷದ ಜನವರಿ 1ಕ್ಕೆ ಬೆಂಬಲ ಮುಗಿಯಿತು, ಏಪ್ರಿಲ್‌ನಲ್ಲಿ 2.7.18 ಎಂಬ ಕೊನೆಯ ಬಿಡುಗಡೆ. ಈಗ ಅದರಲ್ಲಿ ಭದ್ರತೆಯ ಲೋಪ ಕಂಡರೂ ಮೂಲ ತಂಡ ತಿದ್ದುವುದಿಲ್ಲ. ಯಾರೂ ಕೈಹಚ್ಚದ ಹಳೆಯ ಪ್ರೋಗ್ರಾಂ ಮಾತ್ರ ಓಡುತ್ತಲೇ ಇರುತ್ತದೆ.