ಫಿಯೋರ್ಡ್: ದಾಟುವ ನೀರು, ಪಾರಾಗುವ ಬದುಕು



ಫಿಯೋರ್ಡ್ ಎಂಬ ಪದ ಶಾಲೆಯ ಭೂಗೋಳ ಪಾಠದಲ್ಲಿ ಒಮ್ಮೆ ಬಂದು ಹೋಗುತ್ತದೆ. ಹಿಮನದಿ ಕೊರೆದ ಕಣಿವೆಗೆ ಸಮುದ್ರದ ನೀರು ನುಗ್ಗಿ ಉಂಟಾದ ಕಿರಿದಾದ, ಆಳವಾದ ಕೊಲ್ಲಿ ಎಂದು ಬರೆದರೆ ಪರೀಕ್ಷೆಯಲ್ಲಿ ಪೂರ್ತಿ ಅಂಕ. ಆದರೆ ಪದದ ಹುಟ್ಟನ್ನು ಹುಡುಕುತ್ತ ಹೋದರೆ ಇನ್ನೊಂದು ಅರ್ಥ ಕಾಣುತ್ತದೆ. ಪ್ರಾಚೀನ ನಾರ್ಸ್ ಭಾಷೆಯ ಈ ಪದಕ್ಕೂ ಇಂಗ್ಲಿಷಿನ 'ಫೆರ್ರಿ' ಎಂಬ ಪದಕ್ಕೂ ಬೇರು ಒಂದೇ. ದಾಟುವುದು, ಆಚೆ ದಡ ಸೇರುವುದು ಎಂಬುದು ಆ ಬೇರಿನ ಅರ್ಥ. ಭಾಷಾಶಾಸ್ತ್ರಜ್ಞರು ಸಂಸ್ಕೃತದ 'ಪಾರ' ಶಬ್ದವನ್ನೂ ಇದೇ ಬೇರಿಗೆ ಸೇರಿಸುತ್ತಾರೆ. ಆ 'ಪಾರ'ವೇ ಕನ್ನಡಕ್ಕೆ ಬಂದು 'ಪಾರಾಗು' ಎಂದಾಯಿತು. ಕನ್ನಡದಲ್ಲಿ ಪಾರಾಗುವುದೆಂದರೆ ಹೊಳೆ ದಾಟುವುದೂ ಹೌದು, ಅಪಾಯದಿಂದ ಬದುಕಿಕೊಳ್ಳುವುದೂ ಹೌದು. ನಾರ್ವೆಯ ಪಶ್ಚಿಮ ಭಾಗದ ಗೈರಾಂಗರ್ ಫಿಯೋರ್ಡಿನ ಕತೆ ತಿಳಿಯಲು ಈ ಎರಡೂ ಅರ್ಥಗಳು ಬೇಕು.

ಜಗತ್ತಿನ ಪ್ರವಾಸಿಗಳು ಈ ಫಿಯೋರ್ಡನ್ನು ನೋಡಲು ಹೋಗುವ ಹೆಸರಾಂತ ದಾರಿ ಓಂಡಾಲ್ಸ್‌ನೆಸ್ ಎಂಬ ಪಟ್ಟಣದಿಂದ ಆರಂಭವಾಗುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಹೊರಟ ರಸ್ತೆಗೆ ಸ್ವಲ್ಪ ಹೊತ್ತಿನಲ್ಲೇ ಮೂರು ಕಡೆಯಿಂದಲೂ ಬೆಟ್ಟ ಅಡ್ಡ ನಿಲ್ಲುತ್ತದೆ. ಮುಂದೆ ದಾರಿಯೇ ಇಲ್ಲವೇನೋ ಎನ್ನಿಸುವ ಕಡೆ ಟ್ರೋಲ್‌ಸ್ಟಿಗೆನ್ ಎಂಬ ಘಾಟಿ ಶುರುವಾಗುತ್ತದೆ. ಟ್ರೋಲ್ ಎಂದರೆ ನಾರ್ವೆಯ ಜನಪದ ಕತೆಗಳಲ್ಲಿ ಬೆಟ್ಟಗಳಲ್ಲಿ ವಾಸಿಸುವ ರಕ್ಕಸ. ಹೀಗಾಗಿ ಇದು ರಕ್ಕಸರ ಏಣಿ. ಬೆಟ್ಟದ ಮೈಗೆ ಅಂಟಿಕೊಂಡ 11 ಹೇರ್‌ಪಿನ್ ತಿರುವುಗಳನ್ನು ಹತ್ತಿದರೆ ಸಮುದ್ರ ಮಟ್ಟದಿಂದ ಸುಮಾರು 850 ಮೀಟರ್ ಎತ್ತರದ ನೆತ್ತಿ ಸಿಗುತ್ತದೆ.

ರಸ್ತೆ ಬರುವ ಮೊದಲೂ ಇಲ್ಲಿ ಜನ ಓಡಾಡುತ್ತಿದ್ದರು. ಹೇರು ಹೊತ್ತ ಕುದುರೆಗಳನ್ನು ಹೊಡೆದುಕೊಂಡು ಆಚೆ ಕಣಿವೆಯ ಸಂತೆಗೆ ಹೋಗುತ್ತಿದ್ದ ರೈತರ ಕಾಲುದಾರಿ ಇಲ್ಲಿತ್ತು. ಅದರ ಗುರುತು ಇಂದಿಗೂ ಇದೆ. ವಾಹನ ಹೋಗುವ ರಸ್ತೆ ಕಡಿಯಲು ಎಂಟು ವರ್ಷ ಹಿಡಿಯಿತು. ವರ್ಷದ ಬಹುಪಾಲು ಹಿಮ ಮುಚ್ಚಿರುವ ಜಾಗವಾದ್ದರಿಂದ ಕೆಲಸಕ್ಕೆ ಸಿಗುತ್ತಿದ್ದದ್ದು ಬೇಸಿಗೆಯ ಕೆಲವು ತಿಂಗಳು ಮಾತ್ರ. 1936ರ ಜುಲೈ 31ರಂದು ದೊರೆ ಏಳನೆಯ ಹೋಕನ್ ರಸ್ತೆಯನ್ನು ಉದ್ಘಾಟಿಸಿದ. ಇಲ್ಲಿನ ತಿರುವುಗಳಿಗೆ ಹೆಸರುಗಳಿವೆ. ಅವು ಬಹುತೇಕ ರಾಜರ ಹೆಸರುಗಳಲ್ಲ, ಆಯಾ ತಿರುವಿನ ಕೆಲಸ ಮಾಡಿಸಿದ ಮೇಸ್ತ್ರಿಗಳ ಹೆಸರುಗಳು.

ಘಾಟಿ ಇಳಿದರೆ ವಾಲ್ಡಾಲ್ ಕಣಿವೆ. ಇಷ್ಟು ಉತ್ತರದಲ್ಲೂ ಇಲ್ಲಿ ಸ್ಟ್ರಾಬೆರಿ ಬೆಳೆಯುತ್ತಾರೆ. ಫಿಯೋರ್ಡಿನ ನೀರು ಚಳಿಗಾಲದ ಕೊರೆತವನ್ನು ತುಸು ತಗ್ಗಿಸುತ್ತದೆ, ಬೇಸಿಗೆಯಲ್ಲಿ ಹಗಲು ಬಹಳ ದೀರ್ಘ. ಆದ್ದರಿಂದ ಈ ಬೆಳೆ ಸಾಧ್ಯ. ಕಣಿವೆ ಮುಗಿದಲ್ಲಿ ರಸ್ತೆಯೂ ಮುಗಿಯುತ್ತದೆ, ಎದುರಿಗೆ ನೀರು. ಲಿಂಗೆ ಎಂಬ ಕಡವಿನಲ್ಲಿ ಕಾರು, ಬಸ್ಸು, ಲಾರಿಗಳನ್ನು ಹೇರಿಕೊಂಡ ಫೆರ್ರಿ ಸುಮಾರು ಹತ್ತು ನಿಮಿಷದಲ್ಲಿ ಆಚೆ ದಡದ ಐಡ್ಸ್‌ಡಾಲ್ ಮುಟ್ಟಿಸುತ್ತದೆ. ಫಿಯೋರ್ಡ್ ಎಂದರೆ ದಾಟುವ ಜಾಗ ಎಂಬ ಹಳೆಯ ಅರ್ಥ ಇಲ್ಲಿ ದಿನನಿತ್ಯದ ವ್ಯವಹಾರ. ಹಿಂದಿನ ಕಾಲದಲ್ಲಿ ಈ ಸೀಮೆಯ ಜನರಿಗೆ ನೀರೇ ಹೆದ್ದಾರಿ, ಬೆಟ್ಟವೇ ತಡೆ. ಚರ್ಚಿಗೆ, ಅಂಗಡಿಗೆ, ಮದುವೆಗೆ, ಮಣ್ಣಿಗೆ ಎಲ್ಲಕ್ಕೂ ದೋಣಿಯೇ ಗತಿ.

ಐಡ್ಸ್‌ಡಾಲ್‌ನಿಂದ ಮತ್ತೆ ಏರು. ಬಳಿಕ ಬರುವುದು 'ಹದ್ದಿನ ರಸ್ತೆ'. ಇದರಲ್ಲೂ 11 ತಿರುವುಗಳಿವೆ. ಗರಿಷ್ಠ ಎತ್ತರ ಸುಮಾರು 620 ಮೀಟರ್. 1955ರಲ್ಲಿ ಈ ರಸ್ತೆ ತೆರೆದ ಮೇಲೆಯೇ ಗೈರಾಂಗರ್ ಹಳ್ಳಿಗೆ ವರ್ಷವಿಡೀ ಓಡಾಡುವ ದಾರಿ ಆಯಿತು. ಹಳ್ಳಿಯ ಇನ್ನೊಂದು ಬದಿಯಿಂದ ಬೆಟ್ಟ ಹತ್ತುವ ರಸ್ತೆ 1889ರಲ್ಲೇ ಮುಗಿದಿತ್ತು, 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಚಿನ್ನದ ಪದಕವನ್ನೂ ಪಡೆದಿತ್ತು. ಆದರೆ ಚಳಿಗಾಲದಲ್ಲಿ ಅದನ್ನು ಹಿಮ ಮುಚ್ಚಿಬಿಡುತ್ತಿತ್ತು. ಪದಕ ಗೆದ್ದ ರಸ್ತೆಯಿದ್ದೂ ಊರಿನವರು ಅರ್ಧ ವರ್ಷ ದೋಣಿಯನ್ನೇ ನಂಬಬೇಕಾಗಿತ್ತು.

ಹದ್ದಿನ ರಸ್ತೆಯ ತಿರುವಿನಲ್ಲಿ ನಿಂತರೆ ಕೆಳಗೆ ಫಿಯೋರ್ಡ್ ಕಾಣುತ್ತದೆ. ಉದ್ದ 15 ಕಿಲೋಮೀಟರ್. ಎರಡೂ ಬದಿಯಲ್ಲಿ ನೀರಿನಿಂದ ನೇರ ಮೇಲೆದ್ದ ಬಂಡೆಯ ಗೋಡೆಗಳು. 2005ರಲ್ಲಿ ಯುನೆಸ್ಕೋ ಇದನ್ನೂ ದಕ್ಷಿಣದ ನೆರೋಯ್ ಫಿಯೋರ್ಡನ್ನೂ ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟು ಕಡಿದಾದ ಗೋಡೆ ಹೇಗಾಯಿತು? ಹಿಮಯುಗಗಳಲ್ಲಿ ಈ ಕಣಿವೆಗಳನ್ನು ತುಂಬಿದ್ದ ಮಂಜುಗಡ್ಡೆ ಬಹು ನಿಧಾನವಾಗಿ ಸಮುದ್ರದ ಕಡೆ ಸರಿಯುತ್ತ, ತನ್ನ ಅಡಿಯಲ್ಲಿ ಸಿಕ್ಕಿದ ಕಲ್ಲುಗಳಿಂದಲೇ ನೆಲವನ್ನು ಉಜ್ಜಿ ಕೊರೆಯಿತು. ನದಿ ಕೊರೆದ ಕಣಿವೆ ಇಂಗ್ಲಿಷಿನ 'ವಿ' ಅಕ್ಷರದಂತಿದ್ದರೆ ಹಿಮನದಿ ಕೊರೆದದ್ದು 'ಯು' ಅಕ್ಷರದಂತೆ. ಹಿಮಯುಗ ಮುಗಿದು ಮಂಜು ಕರಗಿದಾಗ ಸಮುದ್ರ ಒಳಗೆ ಬಂತು. ಆದರೆ ಮಂಜು ಹೋದದ್ದರಿಂದ ಇನ್ನೊಂದು ಪರಿಣಾಮವೂ ಆಯಿತು. ಸಾವಿರಾರು ವರ್ಷ ಬಂಡೆಗೋಡೆಗಳಿಗೆ ಒತ್ತಾಗಿ ನಿಂತಿದ್ದ ಆಸರೆ ತಪ್ಪಿತು. ಬಿರುಕುಗಳಿಗೆ ಮಳೆನೀರು ಇಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಹಿಗ್ಗಿ, ಬಂಡೆಯನ್ನು ಸಡಿಲಿಸುತ್ತದೆ. ಪ್ರವಾಸಿಗಳು ಹಾಡಿ ಹೊಗಳುವ ಸೌಂದರ್ಯಕ್ಕೂ ಊರವರು ಹೆದರುವ ಅಪಾಯಕ್ಕೂ ಕಾರಣ ಒಂದೇ: ಆ ಕಡಿದಾದ ಗೋಡೆ.

ಗೈರಾಂಗರ್‌ನಿಂದ ಹೆಲೆಸಿಲ್ಟ್ ಎಂಬ ಹಳ್ಳಿಗೆ ಸುಮಾರು ಒಂದು ಗಂಟೆಯ ಫೆರ್ರಿ ಪ್ರಯಾಣ. ದೋಣಿ ಹೊರಟ ಸ್ವಲ್ಪ ಹೊತ್ತಿಗೆ ಬಲಗಡೆ 'ಏಳು ಸೋದರಿಯರು' ಎಂಬ ಜಲಪಾತ ಕಾಣುತ್ತದೆ. ಇದರ ಅತಿ ಎತ್ತರದ ಧಾರೆ 250 ಮೀಟರ್ ನೇರ ಬೀಳುತ್ತದೆ. ಎದುರು ದಡದಲ್ಲಿ ಒಂಟಿ ಜಲಪಾತವೊಂದಿದೆ, ಅದರ ಹೆಸರು 'ವರ'. ಏಳು ಮಂದಿ ಸೋದರಿಯರಲ್ಲಿ ಒಬ್ಬಳಾದರೂ ಒಪ್ಪಲಿ ಎಂದು ಅವನು ಕಾದೇ ನಿಂತಿದ್ದಾನೆ ಎಂದು ಕತೆ. ಹಡಗಿನ ಕಟಕಟೆಗೆ ಮುತ್ತಿಕೊಂಡ ಜನ ಇಲ್ಲಿ ಫೋಟೋ ತೆಗೆಯುತ್ತಾರೆ. ಆದರೆ ಜಲಪಾತಗಳ ಪಕ್ಕದಲ್ಲಿ, ಬಂಡೆಯ ನಡು ಎತ್ತರದ ಚಾಚುಗಳ ಮೇಲೆ ಕೆಲವು ಮನೆಗಳಿವೆ. ಸಹಪ್ರಯಾಣಿಕರು ಬೆರಳು ಮಾಡಿ ತೋರಿಸಿದರೂ ಅವು ಮನೆಗಳೆಂದು ಕಣ್ಣು ತಕ್ಷಣ ನಂಬುವುದಿಲ್ಲ.

ಅವು ಹೊಲಮನೆಗಳು. ಎಡಗಡೆಯ ಸ್ಕಾಗೆಫ್ಲೋ ನೀರಿನಿಂದ ಸುಮಾರು 250 ಮೀಟರ್ ಮೇಲಿದೆ. ಏಳು ಸೋದರಿಯರ ಬಳಿ ಕ್ನಿವ್ಸ್‌ಫ್ಲೋ ಇದೆ. ಅಲ್ಲಿ ಜನ ಏಕೆ ಮನೆ ಕಟ್ಟಿದರು? ಸಾಗುವಳಿಗೆ ಸಮತಟ್ಟಾದ ಜಾಗ ನಾರ್ವೆಯಲ್ಲಿ ಬಹಳ ಕಡಿಮೆ. ಬಂಡೆಯ ಚಾಚಿನ ಮೇಲೆ ಬಿಸಿಲು ಬೀಳುತ್ತಿತ್ತು, ಹುಲ್ಲು ಬೆಳೆಯುತ್ತಿತ್ತು, ಮೇಕೆಗಳಿಗೆ ಮೇವು ಸಿಗುತ್ತಿತ್ತು. ಅಷ್ಟು ಇದ್ದರೆ ಒಂದು ಸಂಸಾರ ಬದುಕಬಹುದಾಗಿತ್ತು. ಬೇಕಾದದ್ದನ್ನೆಲ್ಲ ಕೆಳಗಿನ ದೋಣಿಯಿಂದ ಬೆನ್ನ ಮೇಲೆ ಹೊತ್ತು ತರಬೇಕು. ಆಡುವ ಮಕ್ಕಳು ಅಂಚಿನಿಂದ ಬೀಳದಂತೆ ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದರು ಎಂಬ ಮಾತು ಆ ಸೀಮೆಯಲ್ಲೆಲ್ಲ ಪ್ರಚಲಿತ. ಸ್ಕಾಗೆಫ್ಲೋಗೆ ಹತ್ತುವ ದಾರಿಯಲ್ಲಿ ಒಂದು ಕಡೆ ಏಣಿ ಇತ್ತಂತೆ, ತೆರಿಗೆ ವಸೂಲಿಗೆ ಅಧಿಕಾರಿ ಬರುವುದು ಕಂಡರೆ ಮನೆಯವರು ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರಂತೆ. ಇದು ನಗೆಯ ಕತೆ. ಆದರೆ ನಗೆಯ ಹಿಂದೆ ಬಡತನವೂ ಇದೆ, ಯಾರ ಹಂಗಿಲ್ಲದೆ ಬದುಕುವ ಹಟವೂ ಇದೆ.

ಕ್ನಿವ್ಸ್‌ಫ್ಲೋದ ಮೇಲೆ ಬಂಡೆ ನೇತುಬಿದ್ದಿತ್ತು. ಅದು ಯಾವಾಗ ಬೀಳುತ್ತದೋ ಎಂಬ ಭಯದಿಂದ 1898ರಲ್ಲಿ ಆ ಮನೆಗಳನ್ನು ಬಿಟ್ಟು ಜನ ಕೆಳಗಿಳಿದರು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಸ್ಕಾಗೆಫ್ಲೋ ಕೂಡ ಬರಿದಾಯಿತು. ಬಿಟ್ಟುಹೋದ ಮನೆಗಳು ಹಿಮ ಮಳೆಗೆ ಕುಸಿಯುತ್ತಿದ್ದಾಗ, 1975ರಲ್ಲಿ ಸ್ಥಳೀಯರೇ 'ಸ್ಟೋರ್‌ಫಿಯೋರ್ಡಿನ ಗೆಳೆಯರು' ಎಂಬ ಸಂಘ ಕಟ್ಟಿ ದುರಸ್ತಿ ಆರಂಭಿಸಿದರು. ಇಂದು ದೋಣಿಯಿಂದ ಕಾಣುವ ಸೂರುಗಳು ಉಳಿದಿರುವುದು ಅವರ ದುಡಿಮೆಯಿಂದ.

ಬೆಟ್ಟದ ಮಾತು ಕೇಳಿ ಇಳಿದುಬಂದವರು ಪಾರಾದರು. ಎಲ್ಲರಿಗೂ ಆ ಅವಕಾಶ ಸಿಗಲಿಲ್ಲ. ಲಿಂಗೆ ಕಡವಿನಿಂದ ಪೂರ್ವಕ್ಕೆ, ಅದೇ ನೀರಿನ ಇನ್ನೊಂದು ಕವಲಿನಲ್ಲಿ ಟಾಫಿಯೋರ್ಡ್ ಎಂಬ ಹಳ್ಳಿಯಿದೆ. 1934ರ ಏಪ್ರಿಲ್ 7ರ ನಸುಕಿನಲ್ಲಿ, ಊರು ಮಲಗಿದ್ದಾಗ, ಸುಮಾರು 700 ಮೀಟರ್ ಎತ್ತರದಿಂದ ಲಕ್ಷಾಂತರ ಘನ ಮೀಟರ್ ಬಂಡೆ ಫಿಯೋರ್ಡಿಗೆ ಕುಸಿಯಿತು. ಬಿದ್ದ ಜಾಗದಲ್ಲಿ ನೀರು 60 ಮೀಟರಿಗೂ ಮಿಕ್ಕಿ ಎದ್ದಿತು. ಆ ಅಲೆ ಟಾಫಿಯೋರ್ಡ್ ಮತ್ತು ಫ್ಯೋರೊ ಹಳ್ಳಿಗಳಿಗೆ ನುಗ್ಗಿತು. 40 ಜನ ಸತ್ತರು. ಮೇಲಿನ ಬೆಟ್ಟದಲ್ಲಿ ಬಿರುಕಿರುವುದು ಊರವರಿಗೆ ತಿಳಿಯದ ವಿಷಯವಾಗಿರಲಿಲ್ಲ. ಇಷ್ಟು ದೊಡ್ಡ ಅಲೆಯೇಳುವಂತೆ ಅದು ಬಿದ್ದೀತು ಎಂದು ಯಾರೂ ಎಣಿಸಿರಲಿಲ್ಲ, ಅಷ್ಟೆ.

ಇನ್ನೂ ದಕ್ಷಿಣಕ್ಕಿರುವ ಲೋಯೆನ್ ಸರೋವರದ ಕತೆ ಇದಕ್ಕಿಂತ ಕಠೋರ. 1905ರಲ್ಲಿ ಬೆಟ್ಟ ಕುಸಿದು ಎದ್ದ ಅಲೆಗೆ ಅಲ್ಲಿ 61 ಮಂದಿ ಬಲಿಯಾದರು. ಉಳಿದವರು ಅದೇ ದಡದಲ್ಲಿ ಮತ್ತೆ ಮನೆ ಕಟ್ಟಿದರು. 1936ರ ಸೆಪ್ಟೆಂಬರಿನಲ್ಲಿ ಅದೇ ಬೆಟ್ಟ ಮತ್ತೆ ಕುಸಿಯಿತು, ಈ ಸಲ 74 ಮಂದಿ. ಟ್ರೋಲ್‌ಸ್ಟಿಗೆನ್ ಉದ್ಘಾಟನೆಯಾಗಿ ಆಗ ಎರಡು ತಿಂಗಳೂ ತುಂಬಿರಲಿಲ್ಲ. ಬೆಟ್ಟವನ್ನು ಗೆದ್ದ ಸಂಭ್ರಮ, ಬೆಟ್ಟದಿಂದ ಬಂದ ಸಾವು, ಎರಡೂ ಆ ಒಂದೇ ಬೇಸಿಗೆಯ ಆಚೀಚೆ ನಡೆದವು.

ಫೆರ್ರಿ ಮುಟ್ಟುವ ಹೆಲೆಸಿಲ್ಟ್‌ನಲ್ಲಿ 1862ರಲ್ಲಿ ಒಬ್ಬ ಯುವ ನಾಟಕಕಾರ ತಂಗಿದ್ದ. ಜನಪದ ಕತೆಗಳ ಸಂಗ್ರಹಕ್ಕಾಗಿ ಹೊರಟಿದ್ದ ಆತನೇ ಕನ್ನಡ ರಂಗಭೂಮಿಗೂ ಚಿರಪರಿಚಿತನಾದ ಹೆನ್ರಿಕ್ ಇಬ್ಸೆನ್. ನಾಲ್ಕು ವರ್ಷದ ಬಳಿಕ ಬಂದ ಅವನ 'ಬ್ರಾಂಡ್' ನಾಟಕಕ್ಕೆ ಈ ಪ್ರವಾಸದ ನೆನಪುಗಳು ಒದಗಿದವು ಎನ್ನುತ್ತಾರೆ. ಆ ನಾಟಕದ ನಾಯಕನಾದ ಪಾದ್ರಿ ಕೊನೆಗೆ ಸಾಯುವುದು ಬೆಟ್ಟದಿಂದ ಜಾರಿದ ಹಿಮರಾಶಿಯ ಅಡಿಯಲ್ಲಿ.

ಇಂದಿನ ಭಯದ ಹೆಸರು ಓಕ್ನೆಸ್. ಗೈರಾಂಗರ್ ಫಿಯೋರ್ಡಿನ ಬಾಯಿಯಿಂದ ತುಸು ಆಚೆಗೆ, ದೊಡ್ಡ ಫಿಯೋರ್ಡಿನ ದಡದಲ್ಲಿ ಇರುವ ಬೆಟ್ಟದ ಇಳಿಜಾರು ಇದು. ಇಲ್ಲಿ ನೂರಾರು ಮೀಟರ್ ಉದ್ದದ ಬಿರುಕಿದ್ದು, ವರ್ಷಕ್ಕೆ ಕೆಲವು ಸೆಂಟಿಮೀಟರ್ ಅಗಲವಾಗುತ್ತಿದೆ. ಇಡೀ ಇಳಿಜಾರು ಒಮ್ಮೆಲೇ ಕುಸಿದರೆ ಟಾಫಿಯೋರ್ಡ್‌ನಲ್ಲಿ ಬಿದ್ದದ್ದಕ್ಕಿಂತ ಹಲವು ಪಟ್ಟು ಬಂಡೆ ನೀರಿಗೆ ಬೀಳಬಹುದು. ಅಲೆ ಗೈರಾಂಗರ್ ಮುಟ್ಟಲು ಸುಮಾರು ಹತ್ತು ನಿಮಿಷ ಸಾಕು, ಹೆಲೆಸಿಲ್ಟ್‌ಗೆ ಇನ್ನೂ ಕಡಿಮೆ. 2015ರಲ್ಲಿ ತೆರೆಕಂಡ ನಾರ್ವೆಯ 'ಬೋಲ್ಗೆನ್', ಅಂದರೆ 'ಅಲೆ', ಎಂಬ ಚಲನಚಿತ್ರದ ಕತೆ ಇದೇ.

ಹಾಗಾದರೆ ಊರು ಖಾಲಿ ಮಾಡಬೇಕೆ? ಗೈರಾಂಗರ್‌ನಲ್ಲಿ ವರ್ಷವಿಡೀ ಇರುವವರು ಇನ್ನೂರು ಮುನ್ನೂರು ಜನ. 1869ರಲ್ಲಿ ಮೊದಲ ಪ್ರವಾಸಿ ಹಡಗು ಬಂದಂದಿನಿಂದ ಅವರ ಬದುಕು ಈ ನೋಟವನ್ನೇ ನಂಬಿದೆ. ಅವರು ಊರು ಬಿಡಲಿಲ್ಲ. ಬದಲಿಗೆ ಬೆಟ್ಟಕ್ಕೆ ಕಾವಲು ಇಟ್ಟರು. ನಾರ್ವೆಯ ಜಲಸಂಪನ್ಮೂಲ ಮತ್ತು ಇಂಧನ ನಿರ್ದೇಶನಾಲಯ ಲೇಸರ್, ರೇಡಾರ್, ಉಪಗ್ರಹ ಉಪಕರಣ ಮತ್ತು ಬಂಡೆಯೊಳಗೆ ಕೊರೆದು ಇಳಿಸಿದ ಮಾಪಕಗಳಿಂದ ಬಿರುಕಿನ ಚಲನೆಯನ್ನು ಹಗಲು ರಾತ್ರಿ ಅಳೆಯುತ್ತದೆ. ಬಂಡೆಯ ದೊಡ್ಡ ಕುಸಿತ ಸಾಮಾನ್ಯವಾಗಿ ಹೇಳದೆ ಕೇಳದೆ ಆಗುವುದಿಲ್ಲ. ಮೊದಲು ಜಾರುವ ವೇಗ ಹೆಚ್ಚುತ್ತದೆ. ಆ ವೇಗ ಕಂಡ ಕೂಡಲೇ ಎಚ್ಚರಿಕೆ ಕೊಟ್ಟು ಜನರನ್ನು ಎತ್ತರದ ಜಾಗಕ್ಕೆ ಸಾಗಿಸುವುದು ಯೋಜನೆ. 1934ರಲ್ಲಿ ಟಾಫಿಯೋರ್ಡ್‌ಗೂ ಈಗಿನ ಗೈರಾಂಗರ್‌ಗೂ ಇರುವ ವ್ಯತ್ಯಾಸ ಬಿರುಕಿನಲ್ಲಿಲ್ಲ, ಬಿರುಕನ್ನು ಅಳೆಯುವುದರಲ್ಲಿದೆ.

ರಸ್ತೆಗಳ ವಿಷಯದಲ್ಲೂ ಇದೇ ಎಚ್ಚರ. 2024ರಲ್ಲಿ ಬಂಡೆ ಉರುಳುವ ಅಪಾಯ ಕಂಡು ಟ್ರೋಲ್‌ಸ್ಟಿಗೆನ್ ರಸ್ತೆಯನ್ನು ಬೇಸಿಗೆಯ ಬಹುಭಾಗ ಮುಚ್ಚಿದ್ದರು. ಪ್ರವಾಸದ ವರಮಾನಕ್ಕೆ ಪೆಟ್ಟು ಬಿದ್ದರೂ ಅದನ್ನು ಸಹಿಸಿದರು.

ಅಪಾಯ ಬೆಟ್ಟದಿಂದ ಮಾತ್ರವೂ ಅಲ್ಲ. ಬೇಸಿಗೆಯಲ್ಲಿ ಬರುವ ಒಂದೊಂದು ದೊಡ್ಡ ಹಡಗಿನಲ್ಲಿ ಊರಿನ ಜನಸಂಖ್ಯೆಯ ಹತ್ತಾರು ಪಟ್ಟು ಪ್ರವಾಸಿಗಳಿರುತ್ತಾರೆ. ಗೋಡೆಗಳ ನಡುವೆ ಗಾಳಿಯಾಡದ ದಿನ ಹಡಗಿನ ಹೊಗೆ ನೀರಿನ ಮೇಲೆ ಕವಿದುಕೊಂಡು ನಿಲ್ಲುತ್ತದೆ. 2018ರಲ್ಲಿ ನಾರ್ವೆಯ ಸಂಸತ್ತು ವಿಶ್ವ ಪರಂಪರೆಯ ಫಿಯೋರ್ಡುಗಳಲ್ಲಿ ಹೊಗೆಯುಗುಳುವ ಪ್ರವಾಸಿ ಹಡಗುಗಳಿಗೆ ಅವಕಾಶ ಬೇಡವೆಂದು ನಿರ್ಣಯಿಸಿತು. ಅದರಂತೆ 10,000 ಟನ್‌ಗಿಂತ ಚಿಕ್ಕ ಪ್ರಯಾಣಿಕ ಹಡಗುಗಳಿಗೆ 2026ರ ಜನವರಿ 1ರಿಂದ, ಅದಕ್ಕಿಂತ ದೊಡ್ಡವಕ್ಕೆ 2032ರಿಂದ ಎಂದು ನಿಯಮ ಮಾಡಲಾಗಿದೆ. ದೊಡ್ಡ ಹಡಗುಗಳಿಗೆ ಕೊಟ್ಟ ವಾಯಿದೆ ಅತಿಯಾಯಿತು ಎನ್ನುವವರೂ ಇದ್ದಾರೆ, ಹಡಗು ಬಾರದಿದ್ದರೆ ಅಂಗಡಿ ಮುಚ್ಚಬೇಕು ಎನ್ನುವವರೂ ಇದ್ದಾರೆ. ಎರಡೂ ಕಡೆಯವರು ನೆರೆಹೊರೆಯವರೇ.

ಬೆಟ್ಟದ ಕೆಳಗೆ ಬದುಕುವವರಿಗೆ ಈ ನೀರಿನ ದಡದಲ್ಲಿ ಮೂರು ಪಾಠಗಳು ಸಿಗುತ್ತವೆ. ಕ್ನಿವ್ಸ್‌ಫ್ಲೋದ ಜನ ಹೆದರಿ ಇಳಿದರು, ಉಳಿದರು. ಲೋಯೆನ್‌ನ ಜನ ಮರೆತು ಮತ್ತೆ ಕಟ್ಟಿದರು, ಅಳಿದರು. ಗೈರಾಂಗರ್‌ನವರು ಹೆದರಿಕೆಯನ್ನೂ ಬಿಡದೆ, ಊರನ್ನೂ ಬಿಡದೆ, ಬೆಟ್ಟವನ್ನು ದಿನವೂ ಅಳೆಯುತ್ತ ಬದುಕುತ್ತಿದ್ದಾರೆ. ಒಂದು ಗಂಟೆಯಲ್ಲಿ ಪ್ರವಾಸಿ ಫಿಯೋರ್ಡನ್ನು ದಾಟುತ್ತಾನೆ. ದಡದ ಮೇಲಿರುವವರಿಗೆ ಪಾರಾಗುವುದು ಪ್ರತಿದಿನದ ಕೆಲಸ.