ತೆರವಾದ ಸ್ಥಾನಗಳು: 2018ರ ದಕ್ಷಿಣ ಬೆಂಗಳೂರು

2018ರ ಮೇ 4ರ ನಸುಕಿನಲ್ಲಿ ಜಯನಗರದ ಶಾಸಕ ಬಿ.ಎನ್. ವಿಜಯಕುಮಾರ್ ತೀರಿಕೊಂಡರು. ಅದೇ ವರ್ಷ ನವೆಂಬರ್ 12ರ ನಸುಕಿನಲ್ಲಿ ಬೆಂಗಳೂರು ದಕ್ಷಿಣದ ಸಂಸದರೂ ಕೇಂದ್ರ ಸಚಿವರೂ ಆಗಿದ್ದ ಅನಂತಕುಮಾರ್ ತೀರಿಕೊಂಡರು. ಇಬ್ಬರೂ ಅರವತ್ತರ ಆಸುಪಾಸಿನವರು, ಒಂದೇ ಪಕ್ಷದವರು. ಒಬ್ಬರ ಕ್ಷೇತ್ರ ಇನ್ನೊಬ್ಬರ ಕ್ಷೇತ್ರದೊಳಗೇ ಇತ್ತು. ಜಯನಗರದ ಮತದಾರ ಒಂದೇ ವರ್ಷದಲ್ಲಿ ವಿಧಾನಸಭೆಯ ಪ್ರತಿನಿಧಿಯನ್ನೂ ಲೋಕಸಭೆಯ ಪ್ರತಿನಿಧಿಯನ್ನೂ ಕಳೆದುಕೊಂಡ. ವಾರ್ಷಿಕ ಘಟನಾವಳಿಗಳಲ್ಲಿ ಇಂಥ ಸಾವುಗಳಿಗೆ ಸಿಗುವುದು ಒಂದೊಂದು ಸಾಲು. ಶ್ರದ್ಧಾಂಜಲಿ ಲೇಖನಗಳು ವ್ಯಕ್ತಿಯ ಗುಣವನ್ನು ಹೇಳುತ್ತವೆ. ಆ ವ್ಯಕ್ತಿ ಬಿಟ್ಟುಹೋದ ಸ್ಥಾನ ಹೇಗೆ ತುಂಬಿತು, ತುಂಬುವ ತನಕ ಏನಾಯಿತು ಎಂಬುದನ್ನು ಹೇಳುವವರು ಕಡಿಮೆ. ಸಾರ್ವಜನಿಕ ಬದುಕಿನ ಚರಿತ್ರೆಗೆ ಎರಡೂ ಬೇಕು.

ಈ ಭಾಗದ ಬಡಾವಣೆಗಳ ಹೆಸರುಗಳಲ್ಲೇ ಸಾರ್ವಜನಿಕ ಬದುಕಿನ ನೆನಪು ಸೇರಿಕೊಂಡಿದೆ. ಜಯಚಾಮರಾಜ ಒಡೆಯರ ಹೆಸರು ಹೊತ್ತ ಜಯನಗರಕ್ಕೆ 1948ರ ಆಗಸ್ಟ್‌ನಲ್ಲಿ ಸಿ. ರಾಜಗೋಪಾಲಾಚಾರಿ ಅಡಿಗಲ್ಲು ಹಾಕಿದರು. ಅಶೋಕ ಪಿಲ್ಲರ್ ಅದರ ಗುರುತಾಗಿ ನಿಂತಿದೆ. ಜೆ.ಪಿ. ನಗರ ಜಯಪ್ರಕಾಶ ನಾರಾಯಣರದು. ಬಿಟಿಎಂ ಲೇಔಟ್‌ನ ಮೂರಕ್ಷರದಲ್ಲಿ ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳಿವೆ. 2017ರ ಜೂನ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಯಲಚೇನಹಳ್ಳಿಯವರೆಗೆ ಓಡತೊಡಗಿದ ಮೇಲೆ ಜಯನಗರ, ಬನಶಂಕರಿ, ಜೆ.ಪಿ. ನಗರಗಳು ಒಂದೇ ಹಳಿಯ ಮೇಲೆ ಬಂದವು.

ವರ್ಷದ ಮೊದಲ ದೊಡ್ಡ ಸಾವು ಚಿತ್ರರಂಗದ್ದು. ಜನವರಿ 18ರಂದು ನಟ, ನಿರ್ದೇಶಕ ಕಾಶೀನಾಥ್ ಶಂಕರ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನಿಧನರಾದರು. ಕುಂದಾಪುರ ಸೀಮೆಯಿಂದ ಬಂದ ಅವರು 'ಅಪರಿಚಿತ' (1978), 'ಅನುಭವ' (1984) ಚಿತ್ರಗಳಿಂದ ಹೆಸರಾದವರು. ಸುಂದರಾಂಗ ನಾಯಕನ ಅಚ್ಚಿಗೆ ಹೊಂದದ ಮುಖ, ಪೆದ್ದನಂತೆ ಕಾಣುವ ಮಾತು, ಅದರೊಳಗೆ ಮಧ್ಯಮವರ್ಗ ಮುಚ್ಚಿಟ್ಟುಕೊಂಡ ವಿಷಯಗಳನ್ನು ಎತ್ತುವ ಧೈರ್ಯ, ಇವೆಲ್ಲ ಅವರ ಸ್ವತ್ತು. ಉಪೇಂದ್ರ, ಸುನಿಲ್ ಕುಮಾರ್ ದೇಸಾಯಿ, ವಿ. ಮನೋಹರ್ ಅವರ ಗರಡಿಯಲ್ಲಿ ಪಳಗಿದವರು. ಮುಂದಿನ ಪೀಳಿಗೆಯ ಚಿತ್ರಗಳ ಧಾಟಿಯನ್ನೇ ಬದಲಿಸಿದ ಶಿಷ್ಯರನ್ನು ಬೆಳೆಸಿದ್ದು ಅವರ ಸ್ವಂತ ಚಿತ್ರಗಳಷ್ಟೇ ತೂಕದ ಕೆಲಸ. ಅದೇ ತಿಂಗಳ 27ರಂದು 'ಎಡಕಲ್ಲು ಗುಡ್ಡದ ಮೇಲೆ' ಚಿತ್ರದ ಚಂದ್ರಶೇಖರ್ ದೂರದ ಕೆನಡಾದಲ್ಲಿ ತೀರಿಕೊಂಡರು.

ಮಾರ್ಚ್‌ನಿಂದಲೇ ರಾಜ್ಯ ಚುನಾವಣೆಯ ಗಾಳಿಗೆ ಸಿಕ್ಕಿತು. ಮತದಾನ ಮೇ 12ಕ್ಕೆ ನಿಗದಿಯಾಗಿತ್ತು. 2008 ಮತ್ತು 2013ರಲ್ಲಿ ಗೆದ್ದಿದ್ದ ವಿಜಯಕುಮಾರ್ ಜಯನಗರದಿಂದ ಮೂರನೇ ಗೆಲುವಿಗಾಗಿ ಬೀದಿ ಬೀದಿ ತಿರುಗುತ್ತಿದ್ದರು. ಆಡಂಬರವಿಲ್ಲದ, ಮದುವೆಯಾಗದೆ ಸಂಘಟನೆಗೇ ಬದುಕು ಕೊಟ್ಟ ಮನುಷ್ಯ ಎಂದು ಎದುರು ಪಕ್ಷದವರೂ ಅವರನ್ನು ಗೌರವಿಸುತ್ತಿದ್ದರು. ಮೇ 3ರ ಸಂಜೆ ಪ್ರಚಾರದ ನಡುವೆಯೇ ಕುಸಿದರು. ಕ್ಷೇತ್ರದ ಅಂಚಿನಲ್ಲೇ, ಬನ್ನೇರುಘಟ್ಟ ರಸ್ತೆಯಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆಗೆ ಕರೆದೊಯ್ದರೂ ಜೀವ ಉಳಿಯಲಿಲ್ಲ. ಮತದಾನಕ್ಕೆ ಎಂಟೇ ದಿನ ಉಳಿದಿತ್ತು.

1951ರ ಪ್ರಜಾಪ್ರತಿನಿಧಿ ಕಾಯಿದೆಯ 52ನೇ ಕಲಮು ಇಂಥ ಸಂದರ್ಭಕ್ಕೆಂದೇ ಇದೆ. ನಾಮಪತ್ರದ ಗಡುವು ಮುಗಿದ ಮೇಲೆ, ಮತದಾನಕ್ಕೆ ಮುಂಚೆ, ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಸತ್ತರೆ ಆ ಕ್ಷೇತ್ರದ ಮತದಾನವನ್ನು ಮುಂದೂಡಬೇಕು. ಆ ಪಕ್ಷಕ್ಕೆ ಬೇರೊಬ್ಬರನ್ನು ನಿಲ್ಲಿಸಲು ಏಳು ದಿನ ಕೊಡಬೇಕು. ಕಣದಲ್ಲಿರುವ ಉಳಿದವರು ಮತ್ತೆ ನಾಮಪತ್ರ ಸಲ್ಲಿಸಬೇಕಾಗಿಲ್ಲ. ಪಕ್ಷೇತರ ಅಭ್ಯರ್ಥಿ ಸತ್ತರೆ ಮಾತ್ರ ಚುನಾವಣೆ ನಿಲ್ಲುವುದಿಲ್ಲ. ಜಯನಗರದ ಮತದಾನ ಜೂನ್ 11ಕ್ಕೆ ಹೋಯಿತು. ರಾಜರಾಜೇಶ್ವರಿ ನಗರದಲ್ಲಿ ಫ್ಲ್ಯಾಟೊಂದರಲ್ಲಿ ಮತದಾರರ ಗುರುತಿನ ಚೀಟಿಗಳ ರಾಶಿ ಸಿಕ್ಕ ಕಾರಣ ಅಲ್ಲಿಯ ಮತದಾನವೂ ಮೇ 28ಕ್ಕೆ ಸರಿಯಿತು. ಹಾಗಾಗಿ ಮೇ 12ರಂದು ರಾಜ್ಯದ 224 ಕ್ಷೇತ್ರಗಳಲ್ಲಿ 222 ಮಾತ್ರ ಮತ ಹಾಕಿದವು.

ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ 2005ರಲ್ಲಿ ಹೀಗೆಯೇ ಆಗಿತ್ತು. ಸಂಸತ್ ಚುನಾವಣೆಗೆ ಹನ್ನೊಂದು ದಿನ ಇರುವಾಗ ಎನ್‌ಪಿಡಿ ಎಂಬ ಸಣ್ಣ ಪಕ್ಷದ ಅಭ್ಯರ್ಥಿ ಕೆರ್ಸ್ಟಿನ್ ಲೊರೆಂಟ್ಸ್ ತೀರಿಕೊಂಡರು. ದೇಶವೆಲ್ಲ ಸೆಪ್ಟೆಂಬರ್ 18ರಂದು ಮತ ಹಾಕಿದರೆ ಆ ಒಂದು ಕ್ಷೇತ್ರ ಅಕ್ಟೋಬರ್ 2ರಂದು ಹಾಕಿತು. ಎರಡೂ ಕಡೆ ತಡವಾಗಿ ಮತ ಹಾಕಿದವರ ಸ್ಥಿತಿ ಒಂದೇ. ಉಳಿದ ಕ್ಷೇತ್ರಗಳ ತೀರ್ಪು ಅವರಿಗೆ ಮೊದಲೇ ತಿಳಿದಿತ್ತು.

ಜಯನಗರದಲ್ಲಿ ಆ ಅರಿವು ಕಣವನ್ನೇ ಬದಲಿಸಿತು. ಮೇ 15ರ ಎಣಿಕೆಯಲ್ಲಿ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78, ಜೆಡಿಎಸ್‌ಗೆ 37 ಸ್ಥಾನ ಬಂದವು. ಬಹುಮತ ಯಾರಿಗೂ ಇರಲಿಲ್ಲ. ಬಿ.ಎಸ್. ಯಡಿಯೂರಪ್ಪ ಮೇ 17ರಂದು ಪ್ರಮಾಣವಚನ ಸ್ವೀಕರಿಸಿ 19ರಂದು ರಾಜೀನಾಮೆ ಕೊಟ್ಟರು. ಎಚ್.ಡಿ. ಕುಮಾರಸ್ವಾಮಿ ಮೇ 23ರಂದು ಸಮ್ಮಿಶ್ರ ಸರ್ಕಾರದ ಮುಖ್ಯಮಂತ್ರಿಯಾದರು. ಮೇ 12ರಂದು ಜಯನಗರದಲ್ಲಿ ಪರಸ್ಪರ ಎದುರಾಳಿಗಳಾಗಿರಬೇಕಿದ್ದ ಕಾಂಗ್ರೆಸ್ ಮತ್ತು ಜೆಡಿಎಸ್ ಜೂನ್ ಹೊತ್ತಿಗೆ ಒಂದೇ ಸಂಪುಟದಲ್ಲಿದ್ದವು. ಜೆಡಿಎಸ್ ಅಭ್ಯರ್ಥಿ ಕಣದಿಂದ ಹಿಂದೆ ಸರಿದು ಕಾಂಗ್ರೆಸ್ಸಿಗೆ ಬೆಂಬಲ ಕೊಟ್ಟರು. ಬಿಜೆಪಿ ವಿಜಯಕುಮಾರ್ ಅವರ ತಮ್ಮ ಬಿ.ಎನ್. ಪ್ರಹ್ಲಾದ್ ಅವರನ್ನು ನಿಲ್ಲಿಸಿತು. ಕಾಂಗ್ರೆಸ್ಸಿನಿಂದ ಸೌಮ್ಯಾ ರೆಡ್ಡಿ ಇದ್ದರು. ಅವರ ತಂದೆ ರಾಮಲಿಂಗಾ ರೆಡ್ಡಿ ಹಿಂದೆ ಜಯನಗರದ, ಆಗ ಬಿಟಿಎಂ ಲೇಔಟ್‌ನ ಶಾಸಕರು. ಮತ ಚಲಾಯಿಸಿದವರು ಸುಮಾರು ನೂರಕ್ಕೆ 55 ಮಂದಿ. ಸೌಮ್ಯಾ ರೆಡ್ಡಿಗೆ 54,457, ಪ್ರಹ್ಲಾದ್‌ಗೆ 51,568 ಮತ ಬಿದ್ದವು. ಅಂತರ 2,889. ಒಂದು ಸಾವು ಮುಕ್ಕೋನ ಸ್ಪರ್ಧೆಯನ್ನು ನೇರ ಹಣಾಹಣಿ ಮಾಡಿತ್ತು. ಇಷ್ಟು ಸಣ್ಣ ಅಂತರದಲ್ಲಿ ಆ ಬದಲಾವಣೆಯ ಪಾಲು ದೊಡ್ಡದು.

ಅಣ್ಣನ ಸಾವಿನ ಅನುಕಂಪ ತಮ್ಮನನ್ನು ಗೆಲ್ಲಿಸಲಿಲ್ಲ. ಉತ್ತರ ಕರ್ನಾಟಕದ ಜಮಖಂಡಿಯಲ್ಲಿ ಬೇರೆಯದೇ ನಡೆಯಿತು. ಅಲ್ಲಿಯ ಕಾಂಗ್ರೆಸ್ ಶಾಸಕ ಸಿದ್ದು ನ್ಯಾಮಗೌಡ, ಗೆದ್ದು ಎರಡು ವಾರ ಕಳೆಯುವಷ್ಟರಲ್ಲಿ, ಮೇ 28ರಂದು ತುಳಸಿಗೇರಿ ಬಳಿ ಕಾರು ಅಪಘಾತದಲ್ಲಿ ತೀರಿಕೊಂಡರು. ಸರ್ಕಾರಕ್ಕೆ ಕಾಯದೆ ರೈತರನ್ನು ಕೂಡಿಸಿ ಕೃಷ್ಣಾ ನದಿಗೆ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜ್ ಕಟ್ಟಿಸಿದ ಮನುಷ್ಯ ಅವರು, ಜನ ಅವರನ್ನು 'ಬ್ಯಾರೇಜ್ ಸಿದ್ದು' ಎಂದೇ ಕರೆಯುತ್ತಿದ್ದರು. ನವೆಂಬರ್ ಉಪಚುನಾವಣೆಯಲ್ಲಿ ಅವರ ಮಗ ಆನಂದ ನ್ಯಾಮಗೌಡ ಗೆದ್ದರು. ಅನುಕಂಪದ ಅಲೆ ಎಂಬ ಮಾತನ್ನು ಪತ್ರಿಕೆಗಳು ಸುಲಭವಾಗಿ ಬಳಸುತ್ತವೆ. ಒಂದೇ ವರ್ಷದ ಈ ಎರಡು ಫಲಿತಾಂಶಗಳನ್ನು ಜೊತೆಗಿಟ್ಟರೆ ಆ ಮಾತು ಎಷ್ಟು ಅರ್ಧಂಬರ್ಧ ಎಂಬುದು ತಿಳಿಯುತ್ತದೆ.

ಮಳೆಗಾಲದಲ್ಲಿ ಸಾಹಿತ್ಯಲೋಕ ಇಬ್ಬರನ್ನು ಕಳೆದುಕೊಂಡಿತು. ಕವಿ, ಚಿತ್ರಗೀತಕಾರ ಎಂ.ಎನ್. ವ್ಯಾಸರಾವ್ ಜುಲೈ 15ರಂದು, ಕಳಸದಲ್ಲಿ ಹುಟ್ಟಿದ ಕವಿ ಸುಮತೀಂದ್ರ ನಾಡಿಗ ಆಗಸ್ಟ್ 7ರಂದು ತೀರಿಕೊಂಡರು. ಆಗಸ್ಟ್ ನಡುವಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವು, ಜೋಡುಪಾಲ, ಮಕ್ಕಂದೂರುಗಳ ಹೆಸರು ಮನೆಮನೆಯ ಮಾತಾಯಿತು. ಅದೇ ಹೊತ್ತಿನಲ್ಲಿ, ಆಗಸ್ಟ್ 16ರಂದು, ಅಟಲ್ ಬಿಹಾರಿ ವಾಜಪೇಯಿ ನಿಧನರಾದರು.

ಆಗಸ್ಟ್ ಮೊದಲಲ್ಲಿ ಹೈಕೋರ್ಟ್ ನಗರದ ಅಕ್ರಮ ಫ್ಲೆಕ್ಸ್‌ಗಳನ್ನು ಕೂಡಲೇ ತೆಗೆಯುವಂತೆ ಪಾಲಿಕೆಗೆ ಕಟ್ಟುನಿಟ್ಟಿನ ಆದೇಶ ಕೊಟ್ಟಿತು. ಬೆಂಗಳೂರಿನ ಸಾರ್ವಜನಿಕ ಬದುಕಿಗೆ ಇದು ಸಣ್ಣ ಘಟನೆಯಲ್ಲ. ಹುಟ್ಟುಹಬ್ಬದ ಶುಭಾಶಯವಾಗಲಿ ಭಾವಪೂರ್ಣ ಶ್ರದ್ಧಾಂಜಲಿಯಾಗಲಿ, ಸರ್ಕಲ್ಲಿನಲ್ಲಿ ನಾಯಕನ ಮುಖದ ಸುತ್ತ ಹಿಂಬಾಲಕರ ಹತ್ತಾರು ಮುಖಗಳನ್ನು ಕೂರಿಸಿದ ಫ್ಲೆಕ್ಸೇ ಇಲ್ಲಿಯ ರೂಢಿಯಾಗಿತ್ತು.

ಸೆಪ್ಟೆಂಬರ್ 28ರಂದು ಜಯನಗರ ವಾರ್ಡಿನ ಗಂಗಾಂಬಿಕೆ ಮಲ್ಲಿಕಾರ್ಜುನ್ ಮೇಯರ್ ಆದರು, ಕಾವೇರಿಪುರ ವಾರ್ಡಿನ ರಮೀಳಾ ಉಮಾಶಂಕರ್ ಉಪಮೇಯರ್ ಆದರು. ಒಂದು ವಾರ ತುಂಬುವಷ್ಟರಲ್ಲಿ, ಅಕ್ಟೋಬರ್ 5ರ ನಸುಕಿನಲ್ಲಿ, ರಮೀಳಾ ಹೃದಯಾಘಾತದಿಂದ ತೀರಿಕೊಂಡರು. ನಲವತ್ತರ ಹರೆಯದ ಹೆಣ್ಣುಮಗಳು. ಡಿಸೆಂಬರ್‌ನಲ್ಲಿ ಭದ್ರೇಗೌಡ ಆ ಸ್ಥಾನಕ್ಕೆ ಬಂದರು. ಪಾಲಿಕೆ, ವಿಧಾನಸಭೆ, ಲೋಕಸಭೆ, ಮೂರು ಹಂತಗಳಲ್ಲೂ ಆ ವರ್ಷ ಸಾವು ಕುರ್ಚಿ ತೆರವು ಮಾಡಿತು.

ಅನಂತಕುಮಾರ್ 1959ರ ಜುಲೈ 22ರಂದು ಬೆಂಗಳೂರಿನಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಓದಿದವರು. ವಿದ್ಯಾರ್ಥಿ ಪರಿಷತ್ತಿನ ಮೂಲಕ ರಾಜಕೀಯಕ್ಕೆ ಬಂದರು. 1996ರಿಂದ 2014ರವರೆಗೆ ಬೆಂಗಳೂರು ದಕ್ಷಿಣದಿಂದ ಸತತ ಆರು ಸಲ ಗೆದ್ದರು. 2014ರಲ್ಲಿ ಅವರ ಎದುರಾಳಿ ಇನ್ಫೊಸಿಸ್‌ನ ನಂದನ್ ನಿಲೇಕಣಿ. ಅಂತರ 2,28,575. ವಾಜಪೇಯಿ ಸಂಪುಟದಲ್ಲಿ ವಿಮಾನಯಾನ ಸಚಿವರಾಗಿದ್ದವರು 2014ರಲ್ಲಿ ರಾಸಾಯನಿಕ ಮತ್ತು ರಸಗೊಬ್ಬರ ಸಚಿವರಾದರು, 2016ರಿಂದ ಸಂಸದೀಯ ವ್ಯವಹಾರವನ್ನೂ ನೋಡಿಕೊಂಡರು. 2012ರಲ್ಲಿ ವಿಶ್ವಸಂಸ್ಥೆಯಲ್ಲಿ ಕನ್ನಡದಲ್ಲಿ ಮಾತಾಡಿದರು. ತಾಯಿ ಗಿರಿಜಾ ಶಾಸ್ತ್ರಿಯವರ ನೆನಪಿಗೆ ಕಟ್ಟಿದ ಅದಮ್ಯ ಚೇತನ ಸಂಸ್ಥೆ ಶಾಲಾ ಮಕ್ಕಳಿಗೆ ಮಧ್ಯಾಹ್ನದ ಊಟ ಕೊಡುತ್ತ ಬಂತು, ಭಾನುವಾರಗಳಂದು ಗಿಡ ನೆಡುವ ಕೆಲಸವನ್ನೂ ಮಾಡಿತು.

ಅವರ ಸಚಿವಗಿರಿಯ ಕೆಲಸಗಳಲ್ಲಿ ಜನಸಾಮಾನ್ಯರನ್ನು ಎಲ್ಲಕ್ಕಿಂತ ಹತ್ತಿರದಿಂದ ಮುಟ್ಟಿದ್ದು ಹೃದಯದ ಸ್ಟೆಂಟ್‌ಗಳ ದರ ನಿಯಂತ್ರಣ. 2017ರ ಫೆಬ್ರುವರಿಯಲ್ಲಿ ಅವರ ಇಲಾಖೆಯಡಿಯ ಔಷಧ ಬೆಲೆ ಪ್ರಾಧಿಕಾರ ಔಷಧಲೇಪಿತ ಸ್ಟೆಂಟ್‌ಗೆ 29,600 ರೂಪಾಯಿ, ಸಾದಾ ಲೋಹದ ಸ್ಟೆಂಟ್‌ಗೆ 7,260 ರೂಪಾಯಿ ಮಿತಿ ಹಾಕಿತು. ಅದಕ್ಕೆ ಮುಂಚೆ ರೋಗಿಯ ಬಿಲ್ಲಿನಲ್ಲಿ ಲಕ್ಷ ದಾಟುತ್ತಿದ್ದ ವಸ್ತು ಅದು. ಜಯದೇವದಂಥ ಆಸ್ಪತ್ರೆಯ ಹೊರಗೆ ಹಣ ಹೊಂದಿಸಲು ಫೋನ್ ಹಿಡಿದು ಕೂತ ಮನೆಯವರನ್ನು ಕಂಡವರಿಗೆ ಆ ಅಂಕಿಯ ಬೆಲೆ ವಿವರಿಸಬೇಕಾಗಿಲ್ಲ.

ಶ್ವಾಸಕೋಶದ ಕ್ಯಾನ್ಸರ್‌ಗೆ ವಿದೇಶದಲ್ಲೂ ಚಿಕಿತ್ಸೆ ಪಡೆದ ಅವರು ಕೊನೆಯುಸಿರೆಳೆದದ್ದು ವರ್ಷದ ಆರಂಭದಲ್ಲಿ ಕಾಶೀನಾಥ್ ತೀರಿಕೊಂಡ ಶಂಕರ ಆಸ್ಪತ್ರೆಯಲ್ಲೇ. ರಾಜ್ಯ ಮೂರು ದಿನ ಶೋಕ ಆಚರಿಸಿತು. ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಜನ ಸಾಲುಗಟ್ಟಿ ಅಂತಿಮ ದರ್ಶನ ಪಡೆದರು. ನವೆಂಬರ್ 13ರಂದು ಚಾಮರಾಜಪೇಟೆಯ ರುದ್ರಭೂಮಿಯಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು.

ತೆರವಾದ ಲೋಕಸಭಾ ಸ್ಥಾನಕ್ಕೆ ಉಪಚುನಾವಣೆ ನಡೆಯಲಿಲ್ಲ. ಅದೇ ಪ್ರಜಾಪ್ರತಿನಿಧಿ ಕಾಯಿದೆಯ 151-ಎ ಕಲಮಿನಂತೆ ಆರು ತಿಂಗಳಲ್ಲಿ ಸ್ಥಾನ ತುಂಬಬೇಕು, ಆದರೆ ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಬೇಕಿಲ್ಲ. ಆ ಲೋಕಸಭೆಯ ಅವಧಿ 2019ರ ಜೂನ್ 3ಕ್ಕೆ ಮುಗಿಯುತ್ತಿತ್ತು. ಕೆಲವೇ ದಿನ ಹಿಂದೆ, ನವೆಂಬರ್ 3ರಂದು, ಶಿವಮೊಗ್ಗ, ಬಳ್ಳಾರಿ, ಮಂಡ್ಯಗಳಿಗೆ ಉಪಚುನಾವಣೆ ನಡೆದಿತ್ತು. ಅವು ಮೇ ತಿಂಗಳಲ್ಲೇ ತೆರವಾಗಿದ್ದರಿಂದ ವರ್ಷಕ್ಕೆ ಮೀರಿದ ಅವಧಿ ಇತ್ತು. ಗೋವಿಂದರಾಜ ನಗರದಿಂದ ಬೊಮ್ಮನಹಳ್ಳಿಯವರೆಗಿನ ಎಂಟು ವಿಧಾನಸಭಾ ಕ್ಷೇತ್ರಗಳ ಜನರಿಗೆ ಆರು ತಿಂಗಳಿಗೂ ಹೆಚ್ಚು ಕಾಲ ದೆಹಲಿಯಲ್ಲಿ ಅವರದೇ ಸಂಸದ ಇರಲಿಲ್ಲ. ಜರ್ಮನಿಯಲ್ಲಿ ಸಂಸದ ಸತ್ತರೆ ಪಕ್ಷದ ಪಟ್ಟಿಯಲ್ಲಿರುವ ಮುಂದಿನ ಹೆಸರಿನವರು ಬಂದು ಕೂರುತ್ತಾರೆ. ಅಲ್ಲಿ ಸ್ಥಾನ ಬೇಗ ತುಂಬುತ್ತದೆ, ಆದರೆ ಆ ಕ್ಷೇತ್ರದ ಮತದಾರನನ್ನು ಮತ್ತೆ ಕೇಳುವುದಿಲ್ಲ. 2019ರ ಏಪ್ರಿಲ್ 18ರಂದು ಮತದಾನವಾಗಿ ಮೇ 23ರಂದು ಎಣಿಕೆಯಾದಾಗ 28 ವರ್ಷದ ತೇಜಸ್ವಿ ಸೂರ್ಯ ಕಾಂಗ್ರೆಸ್ಸಿನ ಬಿ.ಕೆ. ಹರಿಪ್ರಸಾದ್ ಎದುರು ಗೆದ್ದರು.

ಆ ನವೆಂಬರ್ ಅಷ್ಟಕ್ಕೇ ಮುಗಿಯಲಿಲ್ಲ. 24ರ ಮಧ್ಯಾಹ್ನ ಮಂಡ್ಯ ಜಿಲ್ಲೆಯ ಕನಗನಮರಡಿ ಬಳಿ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅದೇ ರಾತ್ರಿ ಮಂಡ್ಯದ ಮಗ ಅಂಬರೀಷ್ ಬೆಂಗಳೂರಿನಲ್ಲಿ ತೀರಿಕೊಂಡರು. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವರು, 1972ರ 'ನಾಗರಹಾವು' ಚಿತ್ರದಿಂದ ತೆರೆಗೆ ಬಂದವರು, ಮೂರು ಸಲ ಸಂಸದರಾದವರು. ಜೆ.ಪಿ. ನಗರದ ಅವರ ಮನೆ ಚಿತ್ರರಂಗದ ಜಗಳಗಳು ಬಂದು ಬಗೆಹರಿಯುವ ಪಂಚಾಯ್ತಿಕಟ್ಟೆಯಂತಿತ್ತು. ಪಾರ್ಥಿವ ಶರೀರವನ್ನು ಕಂಠೀರವ ಕ್ರೀಡಾಂಗಣದಿಂದ ಮಂಡ್ಯಕ್ಕೆ ಹೆಲಿಕಾಪ್ಟರ್‌ನಲ್ಲಿ ಒಯ್ದು ತಂದು, 26ರಂದು ಕಂಠೀರವ ಸ್ಟುಡಿಯೋದಲ್ಲಿ ಅಂತ್ಯಕ್ರಿಯೆ ಮಾಡಲಾಯಿತು. ಮಾರನೆಯ ವರ್ಷ ಪತ್ನಿ ಸುಮಲತಾ ಪಕ್ಷೇತರರಾಗಿ ಮಂಡ್ಯದಿಂದ ಲೋಕಸಭೆಗೆ ಗೆದ್ದರು. ಅಂಬರೀಷ್ ಸಾವಿನ ಮರುದಿನವೇ, 25ರಂದು, ಮಾಜಿ ರೈಲ್ವೆ ಸಚಿವ ಸಿ.ಕೆ. ಜಾಫರ್ ಷರೀಫ್ 85ನೇ ವಯಸ್ಸಿನಲ್ಲಿ ನಿಧನರಾದರು. 1991ರಿಂದ 95ರವರೆಗಿನ ಅವರ ಕಾಲದಲ್ಲಿ ಮೀಟರ್ ಗೇಜ್ ಹಳಿಗಳನ್ನು ಬ್ರಾಡ್ ಗೇಜ್ ಮಾಡುವ ಕೆಲಸಕ್ಕೆ ವೇಗ ಬಂದಿತ್ತು. ಕರ್ನಾಟಕದ ರೈಲು ಪ್ರಯಾಣ ಅದರ ಫಲವನ್ನು ಇಂದಿಗೂ ಉಣ್ಣುತ್ತಿದೆ.

ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ತೊಂಬತ್ತು ದಾಟಿದ ರಂಗನಟ ಲೋಕನಾಥ್ ತೀರಿಕೊಂಡರು. 'ಸಂಸ್ಕಾರ' (1970) ಚಿತ್ರದಲ್ಲಿ ನಟಿಸಿದ್ದವರು, ರಂಗಭೂಮಿಯಲ್ಲಿ ದಶಕಗಳನ್ನು ಕಳೆದವರು. ಜನ ಅವರನ್ನು ನೆನೆದದ್ದು 1974ರ 'ಭೂತಯ್ಯನ ಮಗ ಅಯ್ಯು' ಚಿತ್ರದ ಒಂದು ದೃಶ್ಯಕ್ಕಾಗಿ. ಅದರಲ್ಲಿ ಅವರು ಉಪ್ಪಿನಕಾಯಿಯನ್ನು ಚಪ್ಪರಿಸಿದ ಪರಿಗೆ ಕನ್ನಡಿಗರು ಅವರ ಹೆಸರಿನ ಹಿಂದೆ ಉಪ್ಪಿನಕಾಯಿಯನ್ನೇ ಸೇರಿಸಿದ್ದರು.